ಫುಶಿಮಿಯ ನೀರಲ್ಲಿ ಇಜಾಕಾಯಾ ಅಡುಗೆ

ಇಜಾಕಾಯಾ ಅಂದರೆ ಕುಡಿಯುತ್ತ ಸಣ್ಣಪುಟ್ಟ ತಿನಿಸು ತಿನ್ನುವ ಜಪಾನಿ ಅಂಗಡಿ. ಅಲ್ಲಿ ಊಟ ಒಂದೇ ಸಲಕ್ಕೆ ಬಡಿಸಿಕೊಂಡು ಬರುವುದಿಲ್ಲ. ಕೂತ ತಕ್ಷಣ ಅಂಗೈಯಗಲದ ಬಟ್ಟಲಲ್ಲಿ ‘ಒತೋಶಿ’ ಬರುತ್ತದೆ. ನೀವು ಕೇಳಿರುವುದಿಲ್ಲ, ಆದರೂ ಬರುತ್ತದೆ, ಬಿಲ್ಲಿಗೂ ಸೇರುತ್ತದೆ. ಆಮೇಲೆ ಒಂದೊಂದಾಗಿ ಸಣ್ಣ ತಟ್ಟೆಗಳು: ಉಪ್ಪು ಹಾಕಿ ಬೇಯಿಸಿದ ಎಡಮಾಮೆ ಎಂಬ ಹಸಿ ಸೋಯಾ ಕಾಯಿ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ, ತಿಳಿಸಾರಿನಲ್ಲಿ ಕೂತ ಕರಿದ ತೋಫು. ಎಲ್ಲರೂ ನಡುವೆ ಇಟ್ಟುಕೊಂಡು ಹಂಚಿ ತಿನ್ನುತ್ತಾರೆ, ಜೊತೆಗೆ ಕುಡಿಯುವುದೂ ಮಾತೂ ನಡೆದೇ ಇರುತ್ತದೆ. ಗಂಡನ ಕೆಲಸದ ನಿಮಿತ್ತ ಒಸಾಕಾಕ್ಕೆ ಬಂದು ನೆಲೆಸಿದ ಮೇಲೆ ನಮ್ಮ ಬೀದಿಯ ಕೊನೆಯಲ್ಲಿರುವ ಇಂಥದೊಂದು ಅಂಗಡಿ ನಮಗೆ ರೂಢಿಯಾಯಿತು. ಅಡುಗೆಯವರ ಎದುರಿನ ಕಟ್ಟೆಯಲ್ಲೇ ಕೂರುತ್ತಿದ್ದೆವು. ಅವರ ಕೈಗೆಟಕುವ ಜಾಗದಲ್ಲಿ ಇದ್ದದ್ದು ಉಪ್ಪು, ಸೋಯಾ ಸಾಸ್, ಅಡುಗೆಗೆ ಹಾಕುವ ಸಿಹಿ ಮದ್ಯ ಮಿರಿನ್, ಅಕ್ಕಿಯಿಂದ ಮಾಡುವ ಮದ್ಯ ಸಾಕೆ, ಸೋಯಾ ಹುದುಗಿಸಿ ಮಾಡುವ ಮುದ್ದೆ ಮಿಸೊ, ಒಂದು ದೊಡ್ಡ ಪಾತ್ರೆ ತುಂಬ ತಿಳಿಸಾರು. ಕುಂದಾಪುರದ ಕಡೆ ಕೊತ್ತಂಬರಿ, ಮೆಣಸು, ಕಾಯಿ ಅರೆಯುವ ಮನೆಯಲ್ಲಿ ಬೆಳೆದ ನನಗೆ ಅದನ್ನು ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತಿತ್ತು. ಮಸಾಲೆಯೇ ಇಲ್ಲದೆ ಈ ರುಚಿ ಎಲ್ಲಿಂದ ಬರುತ್ತದೆ?

ಇಜಾಕಾಯಾ ಅಡುಗೆ ಕಲಿಸುತ್ತ ಸಾಕೆಯ ರುಚಿಯನ್ನೂ ನೋಡಿಸುವ ತರಗತಿಗಳು ಟೋಕಿಯೋ, ಒಸಾಕಾ, ಕ್ಯೋಟೋಗಳಲ್ಲಿ ಬೇಕಾದಷ್ಟಿವೆ. ನಾನು ಹುಡುಕಿ ಹುಡುಕಿ ಫುಶಿಮಿಯದನ್ನು ಆರಿಸಿಕೊಂಡೆ. ಫುಶಿಮಿ ಇರುವುದು ಕ್ಯೋಟೋ ನಗರದ ದಕ್ಷಿಣಕ್ಕೆ. ಹ್ಯೋಗೋ ಪ್ರಾಂತದ ನಾಡಾ ಬಿಟ್ಟರೆ ಸಾಕೆಗೆ ಇಷ್ಟು ಹೆಸರಾದ ಊರು ಜಪಾನಿನಲ್ಲಿ ಇನ್ನೊಂದಿಲ್ಲ. 1637ರಲ್ಲಿ ಶುರುವಾದ ಗೆಕ್ಕೈಕನ್ ಇಲ್ಲಿಯದೇ. ಇಪ್ಪತ್ತರಷ್ಟು ಕುರಾಗಳು, ಅಂದರೆ ಸಾಕೆ ಮಾಡುವ ಮನೆಗಳು, ಈಗಲೂ ಈ ಪುಟ್ಟ ಊರಲ್ಲಿವೆ. ಕಾಲುವೆಯ ಪಕ್ಕ ಅವುಗಳ ಬಿಳಿ ಗೋಡೆ, ಸುಟ್ಟು ಕಪ್ಪಾಗಿಸಿದ ಹಲಗೆಯ ಹೊರಮೈ ನೋಡುತ್ತ ನಡೆಯುವುದೇ ಒಂದು ಖುಷಿ.

ಜೊತೆಗೆ ಬಂದವಳು ಹುಬ್ಬಳ್ಳಿಯ ಗೆಳತಿ. ಅವಳು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ, ಕುಡಿಯುವುದಂತೂ ಇಲ್ಲವೇ ಇಲ್ಲ. ಇಂಥ ತರಗತಿಗೆ ಅವಳು ಬಂದು ಏನು ಮಾಡುತ್ತಾಳೆ ಅಂತ ಕೇಳಿದವರಿದ್ದಾರೆ. ಅವಳಿಗೆ ಅಡುಗೆ ಅಂದರೆ ಪ್ರಾಣ, ಅಷ್ಟು ಸಾಕಲ್ಲ. ಹೆಸರು ಬರೆಸುವಾಗಲೇ ಇಬ್ಬರದೂ ಊಟದ ಕ್ರಮ ವಿವರವಾಗಿ ತಿಳಿಸಿದ್ದೆವು. ಉತ್ತರವೂ ಅಷ್ಟೇ ವಿವರವಾಗಿ ಬಂತು: ಅವಳಿಗೆ ಮೀನು ಸೋಂಕದ ಬೇರೆ ಪಾತ್ರೆ, ಕರಿಯಲು ಬೇರೆ ಎಣ್ಣೆ, ಸಾಕೆಯ ಬದಲು ಅಮಲಿಲ್ಲದ ಸಿಹಿ ಪಾನೀಯ ಅಮಾಜಾಕೆ. ಇಂಥ ಅಚ್ಚುಕಟ್ಟಿಗೆ ನಾನು ಸೋತುಹೋಗುತ್ತೇನೆ.

ಜುಲೈ ತಿಂಗಳ ಒಂದು ಶನಿವಾರ ಯೊದೊಯಾಬಾಶಿಯಲ್ಲಿ ಕೇಹಾನ್ ರೈಲು ಹತ್ತಿ, ಚುಶೋಜಿಮಾದಲ್ಲಿ ಲೋಕಲ್‌ಗೆ ಬದಲಾಯಿಸಿ ಫುಶಿಮಿ-ಮೊಮೊಯಾಮಾದಲ್ಲಿ ಇಳಿದೆವು. ಕ್ಯೋಟೋದ ಬೇಸಿಗೆಯ ಸೆಕೆ ನಮ್ಮ ಕರಾವಳಿಯ ಮೇ ತಿಂಗಳಿಗೆ ಏನೂ ಕಡಿಮೆಯಿಲ್ಲ. ಸೆನ್ಸೇ, ಅಂದರೆ ನಮ್ಮ ಗುರುಗಳು, ಎಲ್ಲರನ್ನೂ ಮೊದಲು ಗೊಕೊನೊಮಿಯಾ ದೇಗುಲಕ್ಕೆ ಬರಹೇಳಿದ್ದರು. ಅರವತ್ತು ದಾಟಿದ ಹೆಂಗಸು, ತಲೆಗೆ ನೀಲಿ ಬಟ್ಟೆ ಬಿಗಿದುಕೊಂಡು, ಕೈಯಲ್ಲಿ ಎರಡು ಖಾಲಿ ಕ್ಯಾನ್ ಹಿಡಿದು ನಿಂತಿದ್ದರು. ಗಂಡನ ಜೊತೆ ಬಹುಕಾಲ ಇಜಾಕಾಯಾ ನಡೆಸಿದವರು, ಈಗ ಅದನ್ನು ಮಗನಿಗೆ ಬಿಟ್ಟು ಮನೆಯಲ್ಲಿ ಪಾಠ ಹೇಳುತ್ತಾರೆ. ನಮ್ಮ ಜೊತೆ ಆಸ್ಟ್ರೇಲಿಯಾದ ಗಂಡ-ಹೆಂಡತಿ ಮತ್ತು ತೈವಾನಿನ ಒಬ್ಬ ಹುಡುಗಿ ಇದ್ದರು.

ದೇಗುಲದ ಅಂಗಳದಲ್ಲಿ ಒಂದು ಬುಗ್ಗೆಯಿದೆ, ಹೆಸರು ಗೊಕೋಸುಯಿ. 862ರಲ್ಲಿ ಇಲ್ಲಿ ಪರಿಮಳದ ನೀರು ಉಕ್ಕಿತಂತೆ, ಕುಡಿದವರ ಕಾಯಿಲೆ ವಾಸಿಯಾಯಿತಂತೆ, ಸೇಯ್ವಾ ಚಕ್ರವರ್ತಿ ಅದಕ್ಕೇ ದೇಗುಲಕ್ಕೆ ಈ ಹೆಸರು ಕೊಟ್ಟರಂತೆ. 1985ರಲ್ಲಿ ಜಪಾನಿನ ಪರಿಸರ ಇಲಾಖೆ ಆರಿಸಿದ ನೂರು ಉತ್ತಮ ನೀರಿನ ತಾಣಗಳಲ್ಲಿ ಇದೂ ಒಂದು. ಊರಿನವರು ಬಾಟಲಿ, ಕ್ಯಾನ್ ತಂದು ಸಾಲಿನಲ್ಲಿ ನಿಂತಿದ್ದರು. ನಾವೂ ನಿಂತೆವು. ಬೊಗಸೆಯಲ್ಲಿ ಹಿಡಿದು ಕುಡಿದರೆ ತಣ್ಣಗೆ, ಮೃದುವಾಗಿ, ಗಂಟಲಿಗೆ ಎಲ್ಲೂ ತಾಕದೆ ಇಳಿಯುವ ನೀರು. “ಇವತ್ತಿನ ಅಡುಗೆಗೂ ಇದೇ, ಇವತ್ತಿನ ಸಾಕೆಗೂ ಇದೇ ನೆಲದ ನೀರು,” ಅಂದರು ಸೆನ್ಸೇ, ಒಸಾಕಾ-ಕ್ಯೋಟೋ ಕಡೆಯ ಕನ್ಸಾಯ್ ಜಪಾನಿಗೆ ಇಂಗ್ಲಿಷ್ ಬೆರೆಸಿ. ಆಗ ಅದು ಸ್ವಾಗತದ ಮಾತು ಅಂದುಕೊಂಡೆ. ಸಂಜೆಯಾಗುವಷ್ಟರಲ್ಲಿ ಇಡೀ ಪಾಠ ನಿಂತಿರುವುದೇ ಅದರ ಮೇಲೆ ಅಂತ ತಿಳಿಯಿತು.

ಸೆನ್ಸೇ ಮನೆ ಹಳೆಯ ಕಾಲದ ಮಾಚಿಯಾ. ಮುಂಭಾಗ ಕಿರಿದು, ಒಳಗೆ ಹೋದಷ್ಟೂ ಉದ್ದ. ಅಡುಗೆಕಟ್ಟೆಯ ಮೇಲೆ ಎರಡು ಗಾಜಿನ ಜಾಡಿ ಇಟ್ಟಿದ್ದರು, ಎರಡರಲ್ಲೂ ಒಂದೇ ಅಳತೆಯ ಕೊಂಬು, ಅಂದರೆ ಒಣಗಿಸಿದ ಸಮುದ್ರದ ಕಳೆ, ರಾತ್ರಿಯಿಂದ ನೆನೆದಿತ್ತು. ಒಂದರಲ್ಲಿ ಗೊಕೋಸುಯಿ ನೀರು. ಇನ್ನೊಂದರಲ್ಲಿ ಫ್ರಾನ್ಸಿನಿಂದ ಬಂದ, ತುಂಬ ಗಡಸು ಮಿನರಲ್ ವಾಟರ್. ಚಮಚದಲ್ಲಿ ಕುಡಿದು ನೋಡಲು ಹೇಳಿದರು. ಮೊದಲನೆಯದು ತೆಳು ಹೊನ್ನಿನ ಬಣ್ಣ, ಬಾಯಿ ತುಂಬುವ ಸವಿ. ಎರಡನೆಯದರಲ್ಲಿ ಏನೂ ಇಲ್ಲ, ಸ್ವಲ್ಪ ಸಮುದ್ರದ ವಾಸನೆ ಬಿಟ್ಟರೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಕೊಂಬಿನ ಅಂಟಿನ ಜೊತೆ ಸೇರಿಕೊಂಡು ಸತ್ವ ಹೊರಬರಲು ಬಿಡುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ಬೋರ್‌ವೆಲ್ ನೀರಲ್ಲಿ ಕೊಂಬು ಕುದಿಸಿ, ಇದೇನು ಜಪಾನಿನವರು ಇಷ್ಟು ಹೊಗಳುತ್ತಾರೆ ಅಂತ ಬೇಸರಪಟ್ಟ ಪರಿಚಯದವರು ನೆನಪಾದರು. ಮನೆಯಲ್ಲಿ ಮಾಡುವವರು ಆರ್‌ಓ ನೀರನ್ನೇ ಬಳಸಿ, ಅರ್ಧ ಗೆದ್ದ ಹಾಗೆ.

ಕೊಂಬು ನೆನೆದ ನೀರನ್ನು ಸೆನ್ಸೇ ಸಣ್ಣ ಉರಿಗೆ ಇಟ್ಟರು. ಕುದಿಯಬಾರದು. 60 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಹಿಡಿದಿಡುವುದು ಕ್ಯೋಟೋದ ಅಡುಗೆಯವರ ಕ್ರಮ, ಅದಕ್ಕೆ ಕಡ್ಡಿ ಥರ್ಮಾಮೀಟರ್ ಇಟ್ಟುಕೊಂಡಿದ್ದರು. ಕುದಿಸಿದರೆ ಲೋಳೆಯೂ ಕಹಿಯೂ ಬಿಡುತ್ತದೆ. ಕೊಂಬು ತೆಗೆದ ಮೇಲೆ ಬಿಸಿ ಸ್ವಲ್ಪ ಏರಿಸಿ ಕಾತ್ಸುವೊಬುಶಿ ಹಾಕಿದರು. ಕಾತ್ಸುವೊ ಅಂದರೆ ಟ್ಯೂನಾ ಜಾತಿಯ ಮೀನು, ಅದನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಾಗುವಷ್ಟು ಒಣಗಿಸಿ, ಕೀಸುಳಿಯಲ್ಲಿ ತೆಳ್ಳಗೆ ಕೀಸಿದ ಹಾಳೆಗಳು. ಅವು ಮುಳುಗುತ್ತಿದ್ದ ಹಾಗೇ ಬಟ್ಟೆಯಲ್ಲಿ ಸೋಸಿಬಿಟ್ಟರು. ತೈವಾನಿನ ಹುಡುಗಿ ಬಟ್ಟೆ ಹಿಂಡಲು ಕೈ ಚಾಚಿದಳು. “ದಮೆ, ದಮೆ,” ಅಂತ ಸೆನ್ಸೇ ತಡೆದರು. ಹಿಂಡಿದರೆ ಸಾರು ಮಬ್ಬಾಗುತ್ತದೆ, ಮೀನಿನ ಕಟು ವಾಸನೆ ಇಳಿಯುತ್ತದೆ. ತಾನಾಗಿ ಬಸಿದು ಬಂದಷ್ಟೇ ನಮ್ಮದು.

ಈಗ ನಡೆದದ್ದು ನನಗೆ ಈ ಇಡೀ ದಿನದ ಅತ್ಯುತ್ತಮ ಭಾಗ. ಮೂರು ಪುಟ್ಟ ಬಟ್ಟಲು ಸಾಲಾಗಿ ಇಟ್ಟರು: ಬರೀ ಕೊಂಬಿನ ಸಾರು, ಬರೀ ಕಾತ್ಸುವೊಬುಶಿಯ ಸಾರು, ಎರಡೂ ಸೇರಿದ್ದು. ಉಪ್ಪು ಯಾವುದರಲ್ಲೂ ಇಲ್ಲ. ಮೊದಲ ಎರಡು ಒಳ್ಳೆಯವೇ, ಆದರೆ ತೆಳು. ಮೂರನೆಯದು ಬಾಯಿಗೆ ಬಿದ್ದೊಡನೆ ನಾಲಗೆಯ ಬದಿಗಳಲ್ಲಿ ನೀರೂರಿತು, ನುಂಗಿದ ಮೇಲೂ ರುಚಿ ಹೋಗದೆ ನಿಂತಿತು. ಎರಡು ತೆಳು ರುಚಿ ಕೂಡಿದರೆ ಅದರ ದುಪ್ಪಟ್ಟು ಬರಬೇಕಿತ್ತು, ಬಂದದ್ದು ಹಲವು ಪಟ್ಟು. ಇದಕ್ಕೆ ಲೆಕ್ಕ ಇದೆ. ಟೋಕಿಯೋ ವಿಶ್ವವಿದ್ಯಾಲಯದ ಇಕೆದಾ ಕಿಕುನಾಯೆ 1908ರಲ್ಲಿ ಕೊಂಬಿನ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಕೊದಾಮಾ ಶಿಂತಾರೋ 1913ರಲ್ಲಿ ಕಾತ್ಸುವೊಬುಶಿಯಲ್ಲಿ ಇನೊಸಿನೇಟ್ ಕಂಡುಕೊಂಡರು. ಒಣ ಶಿಟಾಕೆ ಅಣಬೆಯಲ್ಲಿ ಇರುವುದು ಗ್ವಾನಿಲೇಟ್, ಅದನ್ನು 1957ರಲ್ಲಿ ಗುರುತಿಸಿದವರು ಕುನಿನಾಕಾ ಅಕಿರಾ. ಗ್ಲುಟಮೇಟ್‌ಗೆ ಉಳಿದೆರಡರಲ್ಲಿ ಒಂದು ಸೇರಿದರೂ ಒಂದರ ರುಚಿಯನ್ನು ಇನ್ನೊಂದು ಎತ್ತಿಕೊಡುತ್ತದೆ.

ಅಣಬೆಯ ದಾರಿಯೇ ನನ್ನ ಗೆಳತಿಯದು. ಫ್ರಿಜ್ಜಿನಲ್ಲಿ ತಣ್ಣೀರಿಗೆ ಹಾಕಿ ರಾತ್ರಿಯೆಲ್ಲ ನೆನೆಸಿದ ಶಿಟಾಕೆಯ ನೀರನ್ನು ಕೊಂಬಿನ ಸಾರಿಗೆ ಬೆರೆಸಿ ಅವಳ ಮುಂದಿಟ್ಟರು. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಬಳಸುವ ಸಾರು ಇದೇ. ಅವಳು ಒಂದು ಗುಟುಕು ಕುಡಿದು ಬಟ್ಟಲನ್ನೇ ನೋಡುತ್ತ ಕೂತಳು.

“ಅಕ್ಕಾ, ಉಪ್ಪಿಲ್ಲ, ಖಾರಿಲ್ಲ, ಬರೀ ನೀರಾಗ ಇಷ್ಟ ರುಚಿ ಹೆಂಗ ಬಂತ್ರೀ?”

“ತಡಿ ಮಾರಾಯ್ತಿ, ಇನ್ನೊಂದ್ ಗುಟುಕು ಕುಡ್ದ್ ಕಾಣ್,” ಅಂದೆ.

ಜಪಾನಿಗೆ ಬರುವ ನಮ್ಮ ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಲೇಬೇಕು. ತಟ್ಟೆಯಲ್ಲಿ ಬರೀ ತೋಫು, ಬದನೆಕಾಯಿ, ಸೊಪ್ಪು ಕಂಡರೂ ಅದರ ಕೆಳಗಿನ ಸಾರಿನಲ್ಲಿ ಬಹುಪಾಲು ಮೀನು ಇರುತ್ತದೆ. ಈ ತಿಳಿಸಾರಿಗೆ ಜಪಾನಿಯಲ್ಲಿ ದಾಶಿ ಅನ್ನುತ್ತಾರೆ, ಅಂಗಡಿಯಲ್ಲಿ ಸಿಗುವ ದಾಶಿ ಪುಡಿಗಳಲ್ಲೂ ಸಾಮಾನ್ಯವಾಗಿ ಕಾತ್ಸುವೊ ಇರುತ್ತದೆ. ‘ಮಾಂಸ ಇದೆಯಾ’ ಅಂತ ಕೇಳಿದರೆ ಪ್ರಾಮಾಣಿಕವಾಗಿಯೇ ಇಲ್ಲ ಅನ್ನುತ್ತಾರೆ. ‘ಕಾತ್ಸುವೊ ದಾಶಿ ಹಾಕಿದ್ದೀರಾ’ ಅಂತಲೇ ಕೇಳಬೇಕು.

ಮೊದಲ ತಿನಿಸು ದಾಶಿಮಾಕಿ, ಸಾರು ಬೆರೆಸಿದ ಮೊಟ್ಟೆಯ ಸುರುಳಿ. ಟೋಕಿಯೋದಲ್ಲಿ ಇದಕ್ಕೆ ಸಕ್ಕರೆ ಹಾಕಿ ಗಟ್ಟಿಯಾಗಿ ಮಾಡುತ್ತಾರೆ, ಕ್ಯೋಟೋದಲ್ಲಿ ಸಾರೇ ಪ್ರಧಾನ. ಮೂರು ಮೊಟ್ಟೆಗೆ 90 ಮಿಲಿಲೀಟರ್ ದಾಶಿ, ಒಂದು ಟೀ ಚಮಚ ಉಸುಕುಚಿ ಸೋಯಾ, ಚಿಟಿಕೆ ಉಪ್ಪು, ಒಂದಿಷ್ಟು ಮಿರಿನ್. ಉಸುಕುಚಿ ಕನ್ಸಾಯ್ ಪ್ರದೇಶದ ಸೋಯಾ ಸಾಸ್. ಬಣ್ಣ ತಿಳಿಯಾದದ್ದರಿಂದ ಉಪ್ಪೂ ಕಡಿಮೆ ಅಂದುಕೊಳ್ಳುತ್ತೇವೆ, ಆದರೆ ಕಡುಬಣ್ಣದ ಸೋಯಾಕ್ಕಿಂತ ಇದರಲ್ಲೇ ಉಪ್ಪು ಹೆಚ್ಚು. ಮೊಟ್ಟೆಯ ಹಳದಿ ಹಳದಿಯಾಗೇ ಕಾಣಲಿ ಅಂತ ಇದು. ಮೊಟ್ಟೆಯನ್ನು ನೊರೆ ಬರುವ ಹಾಗೆ ಕಲಕಬಾರದು, ಚಾಪ್‌ಸ್ಟಿಕ್ ತುದಿಯನ್ನು ಬಟ್ಟಲಿನ ತಳಕ್ಕೆ ತಾಗಿಸಿ ಅತ್ತಿತ್ತ ಎಳೆದು ಬಿಳಿಯನ್ನು ಕತ್ತರಿಸಬೇಕು.

ಬಾಣಲೆ ತಾಮ್ರದ್ದು, ಒಳಗೆ ಕಲಾಯಿ, ಉದ್ದನೆಯ ಆಯತ. ಎಣ್ಣೆಯಲ್ಲಿ ಅದ್ದಿದ ಕಾಗದದ ಉಂಡೆಯಿಂದ ತಳ, ಮೂಲೆ, ಅಂಚು ಎಲ್ಲ ಒರೆಸಿದರು. ಒಂದು ಹನಿ ಮೊಟ್ಟೆ ಬಿಟ್ಟಾಗ ಚುರ್ ಅಂದರೆ ಕಾದಿದೆ ಅಂತ ಅರ್ಥ. ಮೂರರಲ್ಲೊಂದು ಭಾಗ ಸುರಿದ ಕೂಡಲೇ ಗುಳ್ಳೆ ಏಳುತ್ತವೆ, ಅವನ್ನು ಒಂದೊಂದಾಗಿ ಒಡೆಯಬೇಕು. ಮೇಲ್ಮೈ ಇನ್ನೂ ಹಸಿಯಾಗಿ ಹೊಳೆಯುತ್ತಿರುವಾಗಲೇ ಮಡಚಲು ಶುರು. ಕ್ಯೋಟೋದವರು ತಮ್ಮ ಕಡೆಯಿಂದ ಆಚೆಗೆ ಸುತ್ತುತ್ತಾರೆ, ಒಸಾಕಾದವರು ಆಚೆಯಿಂದ ತಮ್ಮ ಕಡೆಗೆ. ರೈಲಿನಲ್ಲಿ ಒಂದು ಗಂಟೆಯೂ ಇಲ್ಲದ ಎರಡು ಊರು! ಸುತ್ತಿದ್ದನ್ನು ಒಂದು ಕೊನೆಗೆ ತಳ್ಳಿ, ಖಾಲಿಯಾದ ಜಾಗಕ್ಕೆ ಮತ್ತೆ ಎಣ್ಣೆ ಒರೆಸಿ, ಮತ್ತೆ ಮೊಟ್ಟೆ ಸುರಿದು, ಸುರುಳಿಯನ್ನು ಚಾಪ್‌ಸ್ಟಿಕ್‌ನಿಂದ ಸ್ವಲ್ಪ ಎತ್ತಿ ಅದರಡಿಗೂ ಹರಿಯಲು ಬಿಟ್ಟು, ಮತ್ತೆ ಸುತ್ತು.

ನನ್ನ ಸರದಿ ಬಂದಾಗ ಸೆನ್ಸೇ ಹಿಂದೆ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡರು. ಚಾಪ್‌ಸ್ಟಿಕ್ ಬರೀ ದಾರಿ ತೋರಿಸಲು, ಸುತ್ತುವ ಕೆಲಸ ಬಾಣಲೆಯದು ಅಂತ ಕೈಯಲ್ಲೇ ತಿಳಿಸಿದರು. ಮಣಿಕಟ್ಟನ್ನು ಚಿಮ್ಮಿದಾಗ ಸುರುಳಿ ತಾನಾಗಿ ಮಗುಚಿ ಬೀಳುತ್ತದೆ. ಆ ಚಿಮ್ಮುವಿಕೆಯ ಅಳತೆ ಒಮ್ಮೆ ಕೈಗೆ ಹತ್ತಿತೆಂದರೆ ಆಮೇಲೆ ಸಲೀಸು. ಬಿದಿರಿನ ಚಾಪೆಯಲ್ಲಿ ಸುತ್ತಿಟ್ಟು, ಎರಡು ನಿಮಿಷ ಬಿಟ್ಟು ಕತ್ತರಿಸಿದರೆ ಪದರಗಳ ನಡುವಿಂದ ಸಾರು ಒಸರುತ್ತದೆ. ಒಸರದಿದ್ದರೆ ಬೆಂದದ್ದು ಹೆಚ್ಚಾಯಿತು ಅಂತಲೇ.

ಇದರ ಜೊತೆಗೆ ಮೊದಲ ಸಾಕೆ. ಕ್ಯೋಟೋ ನಗರಸಭೆ 2013ರ ಜನವರಿಯಲ್ಲಿ ಒಂದು ಕಟ್ಟಳೆ ತಂದಿತು: ಕೂಟಗಳಲ್ಲಿ ಲೋಟ ಎತ್ತಿ ‘ಕಂಪಾಯ್’ (ಚಿಯರ್ಸ್) ಹೇಳುವುದು ಸಾಕೆಯಲ್ಲೇ ಆಗಲಿ ಅಂತ. ದಂಡ ಗಿಂಡ ಏನೂ ಇಲ್ಲ, ಊರಿನ ಕಸುಬು ಉಳಿಯಲಿ ಎಂಬ ಕೋರಿಕೆ. ಹಾಗಾಗಿ ಬಿಯರ್ ಪಕ್ಕಕ್ಕಿಟ್ಟು ಸಾಕೆಯಲ್ಲೇ ಕಂಪಾಯ್ ಅಂದೆವು. ನಮ್ಮ ಲೋಟ ನಾವೇ ತುಂಬಿಕೊಳ್ಳಬಾರದು, ಪಕ್ಕದವರಿಗೆ ನಾವು, ನಮಗೆ ಅವರು. ಬಟ್ಟಲುಗಳು ಬಿಳಿ ಪಿಂಗಾಣಿಯವು, ತಳದಲ್ಲಿ ಎರಡು ನೀಲಿ ಬಳೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ಬಿಳಿಯ ಮೇಲೆ ಸಾಕೆಯ ಬಣ್ಣ, ನೀಲಿಯ ಅಂಚಿನಲ್ಲಿ ಅದರ ತಿಳಿ ನೋಡುವುದಕ್ಕೆ.

ಮೊದಲು ಕೊಟ್ಟದ್ದು ತಣ್ಣಗಿನ ಜುನ್ಮಾಯ್ ದಾಯ್‌ಗಿಂಜೋ. ಜುನ್ಮಾಯ್ ಅಂದರೆ ಅಕ್ಕಿ, ಕೋಜಿ (ಬೂಷ್ಟು ಬೆಳೆಸಿದ ಅಕ್ಕಿ), ನೀರು ಬಿಟ್ಟು ಬೇರೆ ಆಲ್ಕೊಹಾಲ್ ಸೇರಿಸದ್ದು. ಅಕ್ಕಿಯ ಹೊರಪದರದ ಕೊಬ್ಬು, ಪ್ರೋಟೀನು ಹೋಗಲಿ ಅಂತ ಅದನ್ನು ಪಾಲಿಶ್ ಮಾಡುತ್ತಾರೆ. ಕಾಳಿನ 60 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಗಿಂಜೋ, 50 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ದಾಯ್‌ಗಿಂಜೋ. ಸೆನ್ಸೇ ಮೂರು ಸಣ್ಣ ಡಬ್ಬಿಗಳಲ್ಲಿ ಅಕ್ಕಿ ಇಟ್ಟು ತೋರಿಸಿದರು. ಕೊನೆಯದು ಅಕ್ಕಿಯ ಆಕಾರವೇ ಕಳೆದುಕೊಂಡು ಮುತ್ತಾಗಿತ್ತು. ಅದು ಇವಾಯ್ ಎಂಬ ಕ್ಯೋಟೋದ್ದೇ ತಳಿ. 1933ರಲ್ಲಿ ಬಂದು, ನಡುವೆ ಯಾರೂ ಬೆಳೆಯದೆ ಹೋಗಿ, 1990ರ ದಶಕದಲ್ಲಿ ಫುಶಿಮಿಯ ಸಾಕೆಯವರ ಒತ್ತಾಸೆಯಿಂದ ಮತ್ತೆ ಗದ್ದೆಗೆ ಇಳಿದದ್ದು. ಬಟ್ಟಲು ಮೂಗಿನ ಹತ್ತಿರ ತಂದರೆ ಸೇಬಿನ ಪರಿಮಳ. ಹಣ್ಣು ಏನೂ ಹಾಕಿಲ್ಲ, ತಂಪಿನಲ್ಲಿ ನಿಧಾನವಾಗಿ ಹುದುಗುವಾಗ ಯೀಸ್ಟೇ ಆ ಪರಿಮಳ ಹುಟ್ಟಿಸುತ್ತದೆ. ಒಳ್ಳೆಯದೇ, ಆದರೆ ನನ್ನ ಅಭಿಪ್ರಾಯ ಹೇಳುವುದಾದರೆ ದಾಯ್‌ಗಿಂಜೋ ತಿನಿಸಿನ ಜೊತೆಗಿಂತ ಒಂಟಿಯಾಗಿ ಚೆನ್ನ. ದಾಶಿಮಾಕಿಯ ಸೌಮ್ಯ ರುಚಿಯ ಮೇಲೆ ಆ ಪರಿಮಳ ಸವಾರಿ ಮಾಡುತ್ತದೆ.

ಅಷ್ಟರಲ್ಲಿ ಕೋಜಿಯ ಮಾತು ಬಂತು. ಬೇಯಿಸಿದ ಅಕ್ಕಿಯ ಮೇಲೆ ಆಸ್ಪರ್‌ಜಿಲಸ್ ಒರೈಜೀ ಎಂಬ ಬೂಷ್ಟಿನ ಬೀಜಕ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಎರಡು ದಿನ ಬೆಳೆಸಿದರೆ ಕೋಜಿ. ಸೆನ್ಸೇ ಒಂದು ಪೆಟ್ಟಿಗೆ ತೆರೆದು ಎಲ್ಲರ ಅಂಗೈಗೆ ನಾಲ್ಕು ಕಾಳು ಹಾಕಿದರು. ಅಕ್ಕಿಯ ಮೈಗೆಲ್ಲ ಬಿಳಿ ನವಿರು, ಜಗಿದರೆ ಸಿಹಿ. ಅಕ್ಕಿಯಲ್ಲಿರುವುದು ಪಿಷ್ಟ, ಯೀಸ್ಟ್‌ಗೆ ಬೇಕಾದದ್ದು ಸಕ್ಕರೆ. ಪಿಷ್ಟವನ್ನು ಸಕ್ಕರೆ ಮಾಡಿಕೊಡುವುದು ಕೋಜಿ. ಬಿಯರ್‌ನಲ್ಲಿ ಮೊದಲು ಸಕ್ಕರೆ ಮಾಡಿಕೊಂಡು ಆಮೇಲೆ ಹುದುಗಿಸುತ್ತಾರೆ. ಸಾಕೆಯಲ್ಲಿ ಎರಡೂ ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ನಡೆಯುತ್ತವೆ, ಅದಕ್ಕೇ ನೀರು ಬೆರೆಸುವ ಮೊದಲು ಆಲ್ಕೊಹಾಲ್ 20 ಶೇಕಡಾದವರೆಗೂ ಏರುತ್ತದೆ. ಮಿಸೊ, ಸೋಯಾ, ಮಿರಿನ್ ಎಲ್ಲಕ್ಕೂ ಕೋಜಿಯೇ ಮೂಲ. ಜಪಾನಿನ ಬ್ರೂಯಿಂಗ್ ಸೊಸೈಟಿ 2006ರಲ್ಲಿ ಇದನ್ನು ರಾಷ್ಟ್ರೀಯ ಬೂಷ್ಟು ಎಂದು ಘೋಷಿಸಿತು, ಕೋಜಿ ಬಳಸಿ ಸಾಕೆ ಮಾಡುವ ಸಾಂಪ್ರದಾಯಿಕ ಕೌಶಲ 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಕೋಜಿಗೆ ಬಿಸಿನೀರು, ಅನ್ನ ಸೇರಿಸಿ 60 ಡಿಗ್ರಿಯ ಹತ್ತಿರ ರಾತ್ರಿಯೆಲ್ಲ ಇಟ್ಟರೆ ಅಮಾಜಾಕೆ. ಯೀಸ್ಟ್ ಇಲ್ಲದ್ದರಿಂದ ಅಮಲಿಲ್ಲ, ಸಕ್ಕರೆ ಹಾಕದೆಯೂ ಪಾಯಸದ ಸಿಹಿ. ಗೆಳತಿ ಎರಡು ಲೋಟ ಕುಡಿದಳು. ಆದರೆ ಹೆಸರು ನೋಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಸಾಕೆ ಹಿಂಡಿ ಉಳಿದ ಗಸಿಯಿಂದ ಮಾಡುವ ಅಮಾಜಾಕೆಯೂ ಇದೆ, ಅದರಲ್ಲಿ ಅಲ್ಪಸ್ವಲ್ಪ ಆಲ್ಕೊಹಾಲ್ ಇರುತ್ತದೆ. ಮಿರಿನ್‌ನಲ್ಲೂ ಅಷ್ಟೇ, ಅಸಲಿ ಮಿರಿನ್‌ನಲ್ಲಿ ಸುಮಾರು 14 ಶೇಕಡಾ ಇರುತ್ತದೆ. ಅವಳ ಪಾಲಿನದಕ್ಕೆ ಸೆನ್ಸೇ ಮಿರಿನ್ ಬಿಟ್ಟು ಸಕ್ಕರೆ ಹಾಕಿದರು.

ಎರಡನೆಯ ತಿನಿಸು ಅಗೆದಾಶಿ ತೋಫು. ತೋಫುವಿನ ನೀರನ್ನು ಬಟ್ಟೆಯಲ್ಲಿ ಸುತ್ತಿ ಇಳಿಸಿ, ತುಂಡು ಮಾಡಿ, ಆಲೂಗಡ್ಡೆ ಪಿಷ್ಟದಲ್ಲಿ ಹೊರಳಿಸಿ, ಕೂಡಲೇ 170-180 ಡಿಗ್ರಿ ಎಣ್ಣೆಗೆ ಬಿಡಬೇಕು. ಹಿಟ್ಟು ಹಚ್ಚಿ ಇಟ್ಟರೆ ಅದು ನೀರು ಹೀರಿ ಅಂಟಾಗುತ್ತದೆ. ಮೇಲೆ ಸುರಿಯುವ ಸಾರಿಗೆ ದಾಶಿ ಆರು ಪಾಲು, ಸೋಯಾ ಒಂದು, ಮಿರಿನ್ ಒಂದು. ತುರಿದ ಮೂಲಂಗಿ, ಶುಂಠಿ, ಈರುಳ್ಳಿ ಹೂವು. ತೋಫುವಿನ ಗರಿ ಸಾರು ಹೀರಿ ಮೆತ್ತಗಾಗುತ್ತ, ಆದರೂ ಅಲ್ಲಲ್ಲಿ ಗರಿಗರಿ ಉಳಿದಿರುವ ಆ ಎರಡು ನಿಮಿಷದಲ್ಲಿ ತಿನ್ನಬೇಕು.

ಇದರ ಜೊತೆಗಿನ ಸಾಕೆಯೇ ನನ್ನ ತಲೆಯೊಳಗಿನ ಎಲ್ಲ ಲೆಕ್ಕ ಬದಲಿಸಿದ್ದು. ಒಂದೇ ಬಾಟಲಿಯ ಸಾದಾ ಜುನ್ಮಾಯ್. ಮೊದಲು ಫ್ರಿಜ್ಜಿನಿಂದ ತೆಗೆದು ಹಾಗೇ ಕೊಟ್ಟರು: ಚಪ್ಪೆ, ಕೊನೆಯಲ್ಲಿ ಸ್ವಲ್ಪ ಒಗರು. ಆಮೇಲೆ ಅದನ್ನೇ ಚಿರೋರಿ ಎಂಬ ತವರದ ಪಾತ್ರೆಗೆ ಸುರಿದು, ಒಲೆಯಿಂದ ಇಳಿಸಿದ ಬಿಸಿನೀರಲ್ಲಿ ನಿಲ್ಲಿಸಿದರು. 40 ಡಿಗ್ರಿಗೆ ಬಂದಾಗ ಒಂದು ಗುಟುಕು, 45ಕ್ಕೆ ಇನ್ನೊಂದು, 50ಕ್ಕೆ ಮತ್ತೊಂದು. ಜಪಾನಿಯಲ್ಲಿ ಐದೈದು ಡಿಗ್ರಿಗೂ ಬೇರೆ ಬೇರೆ ಹೆಸರಿವೆ. ನಲವತ್ತರಲ್ಲಿ ಅನ್ನದ ಸಿಹಿ ಎದ್ದು ಬಂತು. ನಲವತ್ತೈದರಲ್ಲಿ ಒಗರು ಮಾಯವಾಗಿ ಇಡೀ ಬಾಯಿ ಬೆಚ್ಚಗೆ ತುಂಬಿತು. ಐವತ್ತರಲ್ಲಿ ಮತ್ತೆ ಚುರುಕು, ಆಲ್ಕೊಹಾಲ್ ಮೂಗಿಗೆ ಹೊಡೆಯಿತು. ನಲವತ್ತೈದರದ್ದನ್ನು ಹಿಡಿದು ತೋಫುವಿನ ಸಾರು ಕುಡಿದೆ, ಮೇಲೊಂದು ಗುಟುಕು ಸಾಕೆ. ಸಾರು ಎಲ್ಲಿ ಮುಗಿಯಿತು, ಸಾಕೆ ಎಲ್ಲಿ ಶುರುವಾಯಿತು ಅಂತ ಹೇಳಲಾಗಲಿಲ್ಲ. ಸಾರಿನಲ್ಲಿ ಉಪ್ಪು ಇದೆ, ಸಿಹಿ ಕಡಿಮೆ. ಸಾಕೆಯಲ್ಲಿ ಸಿಹಿ ಇದೆ, ಉಪ್ಪಿಲ್ಲ. ಇಜಾಕಾಯಾ ಅಡುಗೆಯವರು ತಿನಿಸನ್ನು ಅದೊಂದಕ್ಕೇ ರುಚಿ ನೋಡಿ ಉಪ್ಪು ಹಾಕುವುದಿಲ್ಲ, ಪಕ್ಕದ ಗುಟುಕನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹಾಕುತ್ತಾರೆ. ಎರಡೂ ಒಂದೇ ಮೃದು ನೀರಿನವು, ಅದಕ್ಕೇ ಒಂದನ್ನೊಂದು ದಾಟಿ ಹೋಗುವುದಿಲ್ಲ.

ನಾಡಾದ ನೀರು ಇದಕ್ಕಿಂತ ಗಡಸು. ಅದರಲ್ಲಿ ಯೀಸ್ಟ್‌ಗೆ ಬೇಕಾದ ಖನಿಜಗಳು ಹೆಚ್ಚಿರುವುದರಿಂದ ಹುದುಗು ಚುರುಕಾಗಿ ನಡೆದು ಖಡಕ್ಕಾದ ಸಾಕೆ ಬರುತ್ತದೆ. ಫುಶಿಮಿಯಲ್ಲಿ ಎಲ್ಲ ನಿಧಾನ, ಸಾಕೆಯೂ ನುಣುಪು. ನಾಡಾದ್ದು ಗಂಡಸಿನ ಸಾಕೆ, ಫುಶಿಮಿಯದು ಹೆಂಗಸಿನ ಸಾಕೆ ಅಂತ ಹಳೆಯ ಮಾತಿದೆ. ಸೆನ್ಸೇಗೆ ಆ ಮಾತು ಹಿಡಿಸುವುದಿಲ್ಲ, ನನಗೂ ಅಷ್ಟೆ. ಕಬ್ಬಿಣದ ಅಂಶ ಮಾತ್ರ ಎಲ್ಲೂ ಇರಬಾರದು, ಸ್ವಲ್ಪವೇ ಇದ್ದರೂ ಸಾಕೆಯ ಬಣ್ಣ, ವಾಸನೆ ಎರಡೂ ಕೆಡುತ್ತವೆ.

ಕಡ್ಡಿಗಳ ಕೆಲಸ ಬೇಗ ಮುಗಿಯಿತು. ಕೋಳಿಯ ತೊಡೆ ಮತ್ತು ದಪ್ಪ ಈರುಳ್ಳಿ ಒಂದು ಬಿಟ್ಟು ಒಂದು ಚುಚ್ಚಿ, ಅರ್ಧಕ್ಕೆ ಬರೀ ಉಪ್ಪು, ಅರ್ಧಕ್ಕೆ ಸೋಯಾ-ಮಿರಿನ್-ಸಕ್ಕರೆ ಕುದಿಸಿದ ‘ತಾರೆ’ ಎಂಬ ಗಟ್ಟಿ ಸಾಸ್. ಗೆಳತಿಯ ಕಡ್ಡಿಗೆ ಶಿಟಾಕೆ ಮತ್ತು ಮಂಗಾಂಜಿ ಮೆಣಸಿನಕಾಯಿ. ಇದು ಕ್ಯೋಟೋ ಪ್ರಾಂತದ ಮಾಯ್‌ಜುರುವಿನದು, ಬೆರಳಿಗಿಂತ ಉದ್ದ, ಖಾರವಿಲ್ಲ. ಒಂದಾದರೂ ಖಾರ ಸಿಕ್ಕೀತು ಅಂತ ಅವಳು ಕೊನೆಯವರೆಗೂ ಕಾದಳು ಪಾಪ.

ನಾಸು ದೆಂಗಾಕುವಿಗೆ ಕಾಮೋ ಬದನೆ, ಬೇಸಿಗೆಯಲ್ಲಷ್ಟೇ ಬರುವ ದುಂಡು ಕ್ಯೋಟೋ ಬದನೆ. ಅಡ್ಡಕ್ಕೆ ಎರಡು ಹೋಳು ಮಾಡಿ, ಸಿಪ್ಪೆಯನ್ನು ಪಟ್ಟೆ ಪಟ್ಟೆ ತೆಗೆದು, ಫೋರ್ಕಿನಿಂದ ಚುಚ್ಚಿ, ಧಾರಾಳ ಎಣ್ಣೆಯಲ್ಲಿ ಮುಚ್ಚಿ ಬೇಯಿಸಿದೆವು. ಮೇಲೆ ಹಚ್ಚಲು ಸಾಯ್‌ಕ್ಯೋ ಎಂಬ ಬಿಳಿ ಸಿಹಿ ಮಿಸೊ, ಸಕ್ಕರೆ, ಮೊಟ್ಟೆಯ ಹಳದಿ, ಸಾಕೆ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದ ಮುದ್ದೆ. ಗೆಳತಿಗೆ ಮಿಸೊ ಮತ್ತು ಸಕ್ಕರೆಯನ್ನು ಅವಳ ದಾಶಿಯಲ್ಲಿ ಕಲಸಿದ್ದು. ಮಿಸೊ ಹಚ್ಚಿದ ಮೇಲೆ ಗ್ರಿಲ್ಲಿನಡಿ ಇಟ್ಟು ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಸುಡಬೇಕು. ಇಜಾಕಾಯಾ ಪದ್ಧತಿಯ ಬೇರು ಹುಡುಕುವವರು 1596ರಲ್ಲಿ ಎದೋದಲ್ಲಿ (ಈಗಿನ ಟೋಕಿಯೋ) ಶುರುವಾದ ತೊಶಿಮಾಯಾ ಎಂಬ ಸಾಕೆ ಅಂಗಡಿಯ ಹೆಸರು ಹೇಳುತ್ತಾರೆ. ಅಲ್ಲಿ ಸಾಕೆಯ ಜೊತೆ ಮಾರುತ್ತಿದ್ದದ್ದೂ ಮಿಸೊ ಹಚ್ಚಿ ಸುಟ್ಟ ತೋಫು ದೆಂಗಾಕುವೇ.

ದೆಂಗಾಕುವಿಗೆ ಕಿಮೋತೋ ಸಾಕೆ. ಹುದುಗು ಶುರುವಾಗುವ ಮೊದಲು ಅದರಲ್ಲಿ ಹುಳಿ ಬೇಕು, ಇಲ್ಲದಿದ್ದರೆ ಬೇಡದ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ. 1910ರಲ್ಲಿ ಬಂದ ಸೊಕುಜೋ ಕ್ರಮದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ನೇರ ಸುರಿಯುತ್ತಾರೆ, ಎರಡು ವಾರದಲ್ಲಿ ಕೆಲಸ ಆಗುತ್ತದೆ. ಕಿಮೋತೋದಲ್ಲಿ ಸುತ್ತಲಿನ ಬ್ಯಾಕ್ಟೀರಿಯಾಗಳೇ ಬಂದು ಹುಳಿ ಮಾಡಲಿ ಅಂತ ತಿಂಗಳು ಕಾಯುತ್ತಾರೆ. ನಮ್ಮ ಇಡ್ಲಿ ಹಿಟ್ಟು ರಾತ್ರಿಯಲ್ಲಿ ಹುಳಿ ಬರುವುದೂ ಇದೇ ಕುಲದ ಬ್ಯಾಕ್ಟೀರಿಯಾಗಳಿಂದ. ಬಟ್ಟಲು ಮೂಗಿಗೆ ಹಿಡಿದರೆ ಹಿಂದೆ ಎಲ್ಲೋ ಮೊಸರಿನ ಹುಳಿ, ನಾಲಗೆಗೆ ಗಟ್ಟಿಮುಟ್ಟು. ಸಿಹಿ ಮಿಸೊ, ಎಣ್ಣೆ ಕುಡಿದ ಬದನೆ ಎರಡನ್ನೂ ಆ ಹುಳಿ ಒಂದೇ ಗುಟುಕಿಗೆ ತೊಳೆದುಬಿಟ್ಟಿತು. ದಾಯ್‌ಗಿಂಜೋದ ಅರ್ಧ ಬೆಲೆಗೆ ಸಿಗುವ ಈ ಸಾಕೆಯನ್ನೇ ಊಟಕ್ಕೆ ಆರಿಸುತ್ತೇನೆ ನಾನು. ನಡುನಡುವೆ ಸಾಕೆಯಷ್ಟೇ ನೀರು ಕುಡಿಯಿರಿ ಅಂತ ಸೆನ್ಸೇ ಬಿಡದೆ ಲೋಟ ತುಂಬಿಸುತ್ತಿದ್ದರು. ಅದಕ್ಕೂ ಒಂದು ಹೆಸರಿದೆ, ಯಾವಾರಾಗಿ ಮಿಜು. ಬೆಳಿಗ್ಗೆ ಕ್ಯಾನಿನಲ್ಲಿ ತಂದ ಗೊಕೋಸುಯಿಯೇ ಅದು.

ಕೊನೆಗೆ ಒಚಾಜುಕೆ: ಬಿಸಿ ಅನ್ನ, ಮೇಲೆ ಉಪ್ಪಿನಲ್ಲಿಟ್ಟ ಉಮೆ ಹಣ್ಣು, ಉಳಿದ ದಾಶಿಗೆ ಹಸಿರು ಚಹಾ ಬೆರೆಸಿ ಸುರಿದದ್ದು. ಎಷ್ಟೇ ತಟ್ಟೆ ಖಾಲಿ ಮಾಡಿದ್ದರೂ ಕಡೆಗೆ ಅನ್ನ ಬೇಕು ಅನ್ನುವುದರಲ್ಲಿ ಅವರೂ ನಾವೂ ಒಂದೇ.

ಹೋಗಬೇಕು ಅಂದುಕೊಂಡವರಿಗೆ ಒಂದಷ್ಟು ಮಾತು. ಇಂಥ ತರಗತಿಗೆ ತಲೆಗೆ ಹತ್ತು ಸಾವಿರ ಯೆನ್ ಆಸುಪಾಸು ಖರ್ಚಾಗುತ್ತದೆ, ನನಗೆ ಅದು ದುಬಾರಿ ಅನಿಸಲಿಲ್ಲ. ಆರೇಳು ಜನಕ್ಕಿಂತ ಹೆಚ್ಚಿದ್ದರೆ ಬೇಡ, ಬಾಣಲೆ ಕೈಗೆ ಸಿಗುವುದೇ ಇಲ್ಲ. ಮೀನು, ಮೊಟ್ಟೆ, ಮಿರಿನ್ ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಮೊದಲೇ ಬರೆಯಿರಿ. ಸಾಕೆ ಕೊಳ್ಳುವುದಾದರೆ ಬಾಟಲಿಯ ಮೇಲೆ ತಯಾರಾದ ತಿಂಗಳು ಬರೆದಿದ್ದರೆ ನೋಡಿ ಹೊಸದನ್ನೇ ಆರಿಸಿ, ಸಾಮಾನ್ಯವಾಗಿ ಇದು ಇಟ್ಟಷ್ಟೂ ರುಚಿಯಾಗುವ ಪಾನೀಯವಲ್ಲ. ‘ನಾಮಾ’ ಅಂತ ಇದ್ದರೆ ಬಿಸಿ ತಾಗಿಸದೆ ತುಂಬಿಸಿದ್ದು, ಫ್ರಿಜ್ಜಿನಲ್ಲೇ ಇರಬೇಕು. ಜಪಾನಿನಲ್ಲಿ ಕುಡಿಯಲು ಇಪ್ಪತ್ತು ತುಂಬಿರಬೇಕು. ಮತ್ತೆ, ರೈಲಿನಲ್ಲೇ ಹೋಗಿ. ಕುಡಿದು ಓಡಿಸಿದವರಿಗಷ್ಟೇ ಶಿಕ್ಷೆ ಅಂತ ಇಲ್ಲಿಲ್ಲ. ಗೊತ್ತಿದ್ದೂ ಪಕ್ಕದಲ್ಲಿ ಕೂತವರಿಗೂ, ಓಡಿಸುವವರಿಗೆ ಕುಡಿಸಿದವರಿಗೂ ಇದೆ. ಸೈಕಲ್ಲಿಗೂ ರಿಯಾಯಿತಿ ಇಲ್ಲ.